ರ ಮೊದಲು, ಅ ಆಮೇಲೆ

ಶಾಲೆ ತೆರೆದು ಎರಡು ತಿಂಗಳು ಕಳೆಯುವಷ್ಟರಲ್ಲಿ ಒಂದನೇ ತರಗತಿಯ ಬಾಗಿಲಿಗೆ ಆ ದೂರು ಬಂದೇ ಬರುತ್ತದೆ: 'ಮೇಡಂ, ನಮ್ಮ ಹುಡುಗನಿಗೆ ಇನ್ನೂ ಅ ಆ ಇ ಈ ಬರುವುದಿಲ್ಲ. ಪಕ್ಕದ ಮನೆಯ ಮಗು ಎ ಬಿ ಸಿ ಡಿ ಪೂರ್ತಿ ಒಪ್ಪಿಸುತ್ತದೆ.' ಹೇಳುವವರ ಮುಖದಲ್ಲಿ ಸಿಟ್ಟಿಗಿಂತ ಅಳುಕು ಹೆಚ್ಚಿರುತ್ತದೆ. ಸರ್ಕಾರಿ ಶಾಲೆಗೆ ಸೇರಿಸಿ ಮಗುವಿಗೆ ಅನ್ಯಾಯ ಮಾಡಿದೆವೇನೋ ಎಂಬ ಅಳುಕು. ಹಾಗಾಗಿ ತಾಳ್ಮೆಯಿಂದಲೇ ಉತ್ತರಿಸುತ್ತೇನೆ. ಮರುದಿನ ಅದೇ ಮಗು ಸ್ಲೇಟಿನ ಎರಡೂ ಬದಿಗೆ ಅ ಆ ತಿದ್ದಿಸಿಕೊಂಡು, ನಿದ್ದೆಗಣ್ಣಿನಲ್ಲಿ ಬಂದು ಕುಳಿತಾಗ ಆ ತಾಳ್ಮೆ ಉಳಿಯುವುದಿಲ್ಲ.

ನಮ್ಮ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಲ್ಲಿ ನಡೆಯುವುದು ನಲಿ-ಕಲಿ, ಮಗು ಕಾರ್ಡುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ತನ್ನ ವೇಗದಲ್ಲಿ ಕಲಿಯುವ ಪದ್ಧತಿ. ಅದರಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಅವುಗಳ ಹಿಂದೆ ಜ, ವ, ಮ, ಬ, ನ. ಇದು ನಮ್ಮ ಮರೆವಲ್ಲ, ಮುದ್ರಣ ದೋಷವೂ ಅಲ್ಲ. 'ಕಾರ್ಡುಗಳು ಕಲಸಿಹೋಗಿರಬೇಕು, ನಾನು ಜೋಡಿಸಿ ಕೊಡಲೇ?' ಎಂದು ಒಬ್ಬ ತಂದೆ ಕಳಕಳಿಯಿಂದಲೇ ಕೇಳಿದ್ದರು. ಬೇಡಪ್ಪಾ, ಅವು ಸರಿಯಾಗಿಯೇ ಇವೆ ಎಂದೆ. ಅವರು ನಂಬಲಿಲ್ಲ.

ನಮ್ಮ ವರ್ಣಮಾಲೆಯ 13 ಸ್ವರಗಳನ್ನೂ ಒಂದು ಮಗು ಚೆನ್ನಾಗಿ ಕಲಿತಿದೆ ಎಂದುಕೊಳ್ಳಿ. ಅದು ಯಾವ ಪದವನ್ನು ಓದಬಲ್ಲದು? ಆ, ಈ ಎಂಬಂಥ ಒಂದಕ್ಷರದ ಮಾತುಗಳನ್ನು ಬಿಟ್ಟರೆ ಯಾವುದೂ ಇಲ್ಲ. ಸ್ವರಗಳು ತಮ್ಮ ಸ್ವಂತ ರೂಪದಲ್ಲಿ ಕಾಣಿಸುವುದು ಬಹುಮಟ್ಟಿಗೆ ಪದದ ಮೊದಲಲ್ಲಿ ಮಾತ್ರ. ಪದದ ಒಳಗೆ ಬಂದರೆ ಗುಣಿತದ ಗುರುತಾಗಿ ವ್ಯಂಜನಕ್ಕೆ ಅಂಟಿಕೊಳ್ಳುತ್ತವೆ. ಮಾವಿಗೆ ಹೆಸರಾದ ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯವರಿಗೆ ಮಾವಿನ ಲೆಕ್ಕದಲ್ಲೇ ಹೇಳುತ್ತೇನೆ: 'ಮಾವು' ಎಂದು ಬರೆದು, ಅದರಲ್ಲಿ ಆ ಎಲ್ಲಿದೆ, ಉ ಎಲ್ಲಿದೆ ತೋರಿಸಿ. ಎರಡೂ ಕಿವಿಗೆ ಕೇಳಿಸುತ್ತವೆ, ಕಣ್ಣಿಗೆ ಒಂದೂ ಸಿಗುವುದಿಲ್ಲ. ಆರು ವರ್ಷದ ಮಗುವಿಗೆ ಇದು ಮೊದಲ ಪಾಠವಾಗಬೇಕೇ?

ಈಗ ರ, ಗ, ಸ, ದ ತೆಗೆದುಕೊಳ್ಳಿ. ಆಕಾರಗಳು ಸರಳ, ರ ಬರೆಯಲು ಪಳಗಿದ ಕೈಗೆ ದ ಕಷ್ಟವಾಗುವುದಿಲ್ಲ. ನಾಲ್ಕೇ ಅಕ್ಷರಗಳಲ್ಲಿ ಸರ, ದರ, ರಸ, ಗರಗಸ ಆಗುತ್ತವೆ. ಅ ಸೇರಿದರೆ ಅರಸ, ಅಗಸ. ತಲೆಕಟ್ಟು ಬಿಟ್ಟರೆ ಬೇರೆ ಗುಣಿತದ ಗೊಡವೆಯೇ ಇಲ್ಲ. ಮಗು ಅಕ್ಷರ ಕಲಿತ ಕೆಲವೇ ದಿನಗಳಲ್ಲಿ ಒಂದು ಪದವನ್ನು ತಾನಾಗಿಯೇ ಓದುತ್ತದೆ. 'ಗರಗಸ' ಓದಿ ಮುಗಿಸಿದ ಮಗುವಿನ ಠೀವಿಯನ್ನು ನೀವು ನೋಡಬೇಕು.

ವರ್ಣಮಾಲೆ ಕೀಳೆಂದು ನಾನು ಹೇಳುತ್ತಿಲ್ಲ. ಗಂಟಲಿನಿಂದ ತುಟಿಯವರೆಗೆ, ಉಚ್ಚಾರಣೆಯ ಜಾಗಕ್ಕೆ ತಕ್ಕಂತೆ ಕ ವರ್ಗದಿಂದ ಪ ವರ್ಗದವರೆಗೆ ಜೋಡಿಸಿದ ಕ್ರಮ ಅದು, ಬಹಳ ಚೆಂದದ ಕ್ರಮ. ಆದರೆ ಅದರ ಚೆಂದ ತಿಳಿಯುವುದು ಓದಲು ಬಂದವರಿಗೆ. ನಿಘಂಟು ನೋಡುವ ವಯಸ್ಸಿಗೆ ಅದು ಬೇಕೇ ಬೇಕು, ಅಷ್ಟರಲ್ಲಿ ಬಂದೂ ಬರುತ್ತದೆ. ಮನೆಯಲ್ಲಿ ರಾಗವಾಗಿ ಒಪ್ಪಿಸಿ ಕಲಿತ ಮಗುವಿಗೆ ನಾನು ಬರೀ 'ಊ' ಬರೆದು ತೋರಿಸಿದರೆ ಅದು ಕಣ್ಣು ಮುಚ್ಚಿ ಅ ಆ ಇ ಈ ಉ ಎಂದು ಮೊದಲಿನಿಂದ ಹಾಡಿಕೊಂಡು ಬಂದು ಊ ಹತ್ತಿರ ನಿಲ್ಲುತ್ತದೆ. ಕೆಲವೊಮ್ಮೆ ನಿಲ್ಲದೆ ಋ ದಾಟಿ ಹೋಗುತ್ತದೆ. ಅದು ಹಾಡು, ಓದಲ್ಲ.

ಈ ಪದ್ಧತಿ ಎಲ್ಲಿಂದಲೋ ತಂದು ಹೇರಿದ್ದು ಎನ್ನುವವರಿಗೆ ಒಂದು ಮಾತು. ಶ್ರೀನಿವಾಸಪುರ ದಾಟಿ ಆಂಧ್ರದ ಮದನಪಲ್ಲಿಯ ಕಡೆ ಹೋದರೆ ರಿಷಿ ವ್ಯಾಲಿ ಶಾಲೆ ಸಿಗುತ್ತದೆ. ಅವರು ಸುತ್ತಲಿನ ಹಳ್ಳಿಮಕ್ಕಳಿಗಾಗಿ ರೂಪಿಸಿದ ಮೆಟ್ಟಿಲು-ಕಾರ್ಡುಗಳ ಕ್ರಮದಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾಯಿತು. ನಮ್ಮ ಪಕ್ಕದ ಊರಿನ ವಿಚಾರವೇ ಅಷ್ಟು ದೂರ ಸುತ್ತಿಕೊಂಡು ನಮ್ಮಲ್ಲಿಗೆ ಬಂದಿದೆ.

ಕೊರತೆಗಳಿಲ್ಲವೇ? ಇವೆ. ಮೂರು ತರಗತಿಯ ಮಕ್ಕಳು, ಒಬ್ಬಳೇ ಶಿಕ್ಷಕಿ, ಹರಿದ ಕಾರ್ಡುಗಳು, ನಡುವೆ ಸಭೆಯ ಕರೆ. ತನ್ನಷ್ಟಕ್ಕೆ ಕಲಿಯಬೇಕಾದ ಗುಂಪು ತನ್ನಷ್ಟಕ್ಕೆ ಜಗಳವನ್ನೂ ಆಡುತ್ತದೆ. ನಮ್ಮ ಗಡಿಭಾಗದ್ದು ಇನ್ನೊಂದು ಬಗೆ. ಅನೇಕ ಮನೆಗಳ ಮಾತು ತೆಲುಗು. ಹುಡುಗಿಯೊಬ್ಬಳು 'ಮರ' ಎಂದು ತಡವರಿಸದೆ ಓದಿ, 'ಅಂದರೆ ಏನು ಮಿಸ್?' ಎಂದಳು. ಕಿಟಕಿಯಾಚೆಯ ಹೊಂಗೆಯನ್ನು ತೋರಿಸಿದೆ. 'ಓ, ಚೆಟ್ಟಾ!' ಎಂದು ನನ್ನ ಮೇಲೆಯೇ ಬೇಸರಿಸಿಕೊಂಡಳು, ಮೊದಲೇ ಹೇಳಬಾರದಿತ್ತೇ ಎಂಬಂತೆ. ಇಂಥ ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಮಾತು ಬೇಕು, ಅದಕ್ಕೆ ಕಾಲ ಹಿಡಿಯುತ್ತದೆ.

ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಮೆಟ್ಟಿಲೇರುತ್ತಾರೆ ಎಂದು ನಾನು ಭರವಸೆ ಕೊಡಲಾರೆ. ಮಾವಿನ ಮಂಡಿಯ ದಿನಗಳಲ್ಲಿ ವಾರಗಟ್ಟಲೆ ತಪ್ಪಿಸಿಕೊಂಡ ಮಗು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ, ಅಷ್ಟು ಅನುಕೂಲ ಇದೆ. ಎರಡನೇ ತರಗತಿ ಮುಗಿಯುತ್ತಾ ಬಂದರೂ ಅಕ್ಷರಗಳು ಅದಲುಬದಲಾಗುತ್ತಿದ್ದರೆ ಮಗುವಿನ ಕಣ್ಣು, ಕಿವಿ ತೋರಿಸಿ. ಅಲ್ಲಿಂದಾಚೆ ಹೇಳಬೇಕಾದವರು ವೈದ್ಯರು, ನಾನಲ್ಲ.

ಮನೆಯಲ್ಲಿ ಏನಾದರೂ ಮಾಡಲೇಬೇಕು ಎನ್ನುವವರು ಗೋಡೆಯ ಕ್ಯಾಲೆಂಡರ್ ತೋರಿಸಿ. ನಮ್ಮ ತರಗತಿಯ ಒಬ್ಬ ಹುಡುಗ 'ಜನವರಿ'ಯ ಕೆಳಗೆ ಬೆರಳಿಟ್ಟು ಜ, ನ, ವ ಎಂದು ಬಂದವನು ಗಕ್ಕನೆ ನಿಂತ. 'ಮಿಸ್, ಈ ರ ತಲೆ ಯಾಕೆ ಸುತ್ತಿಕೊಂಡಿದೆ?' ಎಂದ. ಗುಣಿತದ ಪಾಠ ಅಲ್ಲೇ ಶುರುವಾಯಿತು, ಇ ಅಕ್ಷರಕ್ಕೂ ಅವನಿಗೊಂದು ಕೆಲಸ ಸಿಕ್ಕಿತು. ಇಂಥ ಒಂದು ಪ್ರಶ್ನೆ ಬಿದ್ದ ದಿನ ಊಟದ ಲೆಕ್ಕ, ಮೊಟ್ಟೆಯ ಲೆಕ್ಕ ಬರೆಯುವ ಬೇಸರವೂ ಅಷ್ಟಾಗಿ ಕಾಡುವುದಿಲ್ಲ.

ಇಷ್ಟಾದರೂ ಅನುಮಾನ ಇದ್ದರೆ ಶಾಲೆಗೆ ಬನ್ನಿ, ಮಗುವಿನ ಮೆಟ್ಟಿಲು ತೋರಿಸುತ್ತೇನೆ. ಆದರೆ ಸಂಜೆ ನಾಲ್ಕರ ಮೇಲೆ ಬನ್ನಿ. ಬೆಳಿಗ್ಗೆ ಹಾಲು ಹಂಚುವ ಹೊತ್ತಿಗೆ ಬಂದರೆ ನಿಮ್ಮ ಕೈಗೂ ಲೋಟಗಳನ್ನು ಕೊಟ್ಟುಬಿಡುತ್ತೇನೆ.