ಹುಲ್ಲು ಹೆರೆಯುವ ಮಿಷನ್: ಗಟ್ಟಿ ಯಾವುದು, ಟೊಳ್ಳು ಯಾವುದು?

ಪ್ರಶ್ನೆ: ಬದಿಯಡ್ಕದ ಹತ್ತಿರ ಎರಡು ಎಕರೆ ಅಡಿಕೆ ತೋಟ ಇದೆ. ಹುಲ್ಲು ಹೆರೆಯುವ ಮಿಷನ್ ಎಂಟು ಸಾವಿರಕ್ಕೂ ಸಿಗುತ್ತದೆ, ಮೂವತ್ತು ಸಾವಿರಕ್ಕೂ ಸಿಗುತ್ತದೆ. ನೋಡಲು ಎಲ್ಲ ಒಂದೇ. ಬಾಳಿಕೆ ಬರುವುದು ಯಾವುದೆಂದು ತಿಳಿಯುವುದು ಹೇಗೆ? ಕೂತು ಓಡಿಸುವಂಥದ್ದು ಆಗಬಹುದೇ?

ಉತ್ತರ: ಕೂತು ಓಡಿಸುವುದರ ಆಸೆ ಬಿಟ್ಟುಬಿಡಿ. ಅದು ಸಮತಟ್ಟಾದ ಹುಲ್ಲುಹಾಸಿಗೆ. ನಮ್ಮಲ್ಲಿ ಮರದಿಂದ ಮರಕ್ಕೆ ಸಾಮಾನ್ಯವಾಗಿ 2.7 ಮೀಟರ್, ನಡುವೆ ನೀರು ಹೋಗುವ ಕಣಿ ಬೇರೆ. ಹೆಗಲಿಗೆ ಹಾಕುವ ಬ್ರಷ್ ಕಟರೇ ಸರಿ.

ಅಂಗಡಿಯವರು ಮೊದಲು ತೋರಿಸುವುದು ‘52 ಸಿಸಿ’ ಎಂಬ ದೊಡ್ಡ ಸ್ಟಿಕ್ಕರ್. ಸಿಸಿಗೂ ಬಾಳಿಕೆಗೂ ಸಂಬಂಧವಿಲ್ಲ. ಇಂಜಿನ್ ಆಮೇಲೆ ನೋಡಿದರಾಯಿತು, ಮೊದಲು ಬ್ಲೇಡಿನ ತುದಿಗೆ ಹೋಗಿ. ಮಳೆಗಾಲದಲ್ಲಿ ಹುಲ್ಲಿನಡಿ ಮುರಕಲ್ಲು (ಕೆಂಪು ಕಲ್ಲು) ಕಾಣುವುದೇ ಇಲ್ಲ, ಅಲ್ವಾ? ಬ್ಲೇಡ್ ಅದಕ್ಕೆ ಬಡಿದಾಗ ಪೆಟ್ಟು ಬೀಳುವುದು ಬ್ಲೇಡ್ ತಿರುಗಿಸುವ ಗೇರುಗಳಿರುವ ಡಬ್ಬಿಗೆ, ಅಂದರೆ ಗೇರ್ ಹೆಡ್ಡಿಗೆ, ಕೊಳವೆಯೊಳಗೆ ತಿರುಗುವ ರಾಡಿಗೆ. ಹಾಗಾಗಿ ಇಂಜಿನ್ ಬಂದ್ ಇರುವಾಗ ಬ್ಲೇಡ್ ಬಿಚ್ಚಿಸಿ, ಅದು ಕೂರುವ ತುದಿಯನ್ನು ಹಿಡಿದು ಅಲ್ಲಾಡಿಸಿ. ಹೊಸದರಲ್ಲೇ ಅಲ್ಲಾಡಿದರೆ ಬೇರಿಂಗ್ ಸರಿಯಿಲ್ಲ. ಕೈಯಲ್ಲಿ ನಿಧಾನ ತಿರುಗಿಸಿ. ಒಂದು ಸುತ್ತಿನಲ್ಲಿ ಎಲ್ಲಾದರೂ ಬಿಗಿಯಾದರೆ, ಕರಕರ ಎಂದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ಗೇರ್ ಹೆಡ್ಡಿಗೆ ಗ್ರೀಸ್ ತುಂಬಲು ಸ್ಕ್ರೂ ಇದೆಯೇ ನೋಡಿ. ಕೊಳವೆ ತೆಳ್ಳಗಿದ್ದರೆ ಒಂದು ಸಲ ಬಗ್ಗಿದರೂ ಒಳಗಿನ ರಾಡ್ ಉಜ್ಜಲು ಸುರು.

ಇಂಜಿನ್ನಿನಲ್ಲಿ ಕೇಳಬೇಕಾದ್ದು ಒಂದೇ: ಕ್ರ್ಯಾಂಕಿಗೆ (ಪಿಸ್ಟನ್ ತಿರುಗಿಸುವ ದಂಡಕ್ಕೆ) ಎರಡೂ ಬದಿ ಬೇರಿಂಗ್ ಇದೆಯೇ? ಒಂದೇ ಬದಿ ಇರುವುದು ಅಂಗಳದ ಚಿಲ್ಲರೆ ಹುಲ್ಲಿಗೆ ಸಾಕು, ತೋಟಕ್ಕೆ ಸಾಲದು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ. ನಿಜ ಹೇಳಬೇಕೆಂದರೆ ಅಂಗಡಿಗಿಂತ ಮೊದಲು ಹೋಗಬೇಕಾದ್ದೇ ಅವರ ಹತ್ತಿರ. ಯಾವ ಕಂಪೆನಿಯ ಕ್ಲಚ್, ಕಾರ್ಬೋರೇಟರ್ ಕಿಟ್ ಅವರಲ್ಲಿ ಯಾವಾಗಲೂ ಇರುತ್ತದೆ ಎಂದು ಕೇಳಿ. ಜೂನ್‌ನಲ್ಲಿ ಕೆಟ್ಟ ಮಿಷನ್ನಿನ ಸ್ಪೇರ್ ಆಗಸ್ಟ್‌ನಲ್ಲಿ ಬಂದರೆ ಯಾರಿಗೆ ಬೇಕು?

ಎರಡು ಎಕರೆ, ಸ್ವಂತ ಕೆಲಸ ಮಾತ್ರ ಎಂದಾದರೆ ಮೂವತ್ತು ಸಾವಿರದ್ದೇ ಬೇಕೆಂದಿಲ್ಲ. ಈ ಪರೀಕ್ಷೆಯಲ್ಲಿ ಪಾಸಾದ ನಡುವಿನ ದರದ್ದು ಸಾಕು. ಎಂಟು ಸಾವಿರದ್ದನ್ನು ಮಾತ್ರ ನಾನು ತೆಗೆದುಕೊಳ್ಳಲಾರೆ.

ಇನ್ನು, ಒಳ್ಳೆಯ ಮಿಷನ್ನನ್ನೂ ಕೊಲ್ಲುವುದು ಅಂದಾಜಿಗೆ ಸುರಿದ ಆಯಿಲ್. ಪೆಟ್ರೋಲಿಗೇ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಆದರೆ ಮಿಷನ್ನಿನ ಜೊತೆ ಬರುವ ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್, 25:1 ಎಂದಿದ್ದರೆ 40 ಮಿಲಿ. ಕಡಿಮೆ ಹಾಕಿದರೆ ಪಿಸ್ಟನ್ ಜಾಮ್. ಫೋರ್ ಸ್ಟ್ರೋಕಿನಲ್ಲಿ ಮಿಶ್ರಣದ ತಲೆಬಿಸಿ ಇಲ್ಲ, ಆದರೆ ಇಂಜಿನ್ ಆಯಿಲ್ ನೋಡುತ್ತಿರಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಹೆರೆಯುವ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒಳಗಿಡಿ.