ಹಳೆ ಬೋರ್ಡೋ: ಮಲಗಿದೆಯೋ, ಮುಗಿದಿದೆಯೋ?

ಡಬ್ಲ್ಯುಎಸ್‌ಇಟಿ ಎಂಬ ವೈನ್ ಶಿಕ್ಷಣ ಸಂಸ್ಥೆಯ ಲೆವೆಲ್ 3 ಕೋರ್ಸಿನ ರುಚಿ ಹಾಳೆಯಲ್ಲಿ ಬಣ್ಣ, ವಾಸನೆ, ಹುಳಿ, ಒಗರು ಎಲ್ಲ ಬರೆದಾದ ಮೇಲೆ ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ: ಈ ವೈನ್ ಕುಡಿಯಲು ಸಿದ್ಧವಾಗಿದೆಯೇ? ಉತ್ತರ ನಾಲ್ಕೇ. ಇನ್ನೂ ಎಳೆಯದು. ಈಗ ಕುಡಿಯಬಹುದು, ಇಟ್ಟರೆ ಇನ್ನೂ ಚೆನ್ನಾಗುತ್ತದೆ. ಈಗಲೇ ಕುಡಿಯಬೇಕು, ಇಡುವಂಥದ್ದಲ್ಲ. ವಯಸ್ಸು ಮೀರಿದೆ. ಹೊಸ ವೈನ್ ಆದರೆ ಸುಲಭ. ಹದಿನೈದು-ಇಪ್ಪತ್ತು ವರ್ಷದ ಬೋರ್ಡೋ, ಅಂದರೆ ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನ್, ಮುಂದಿಟ್ಟರೆ ತಲೆ ಕೆಡುತ್ತದೆ.

(ಬೋರ್ಡೋ ಅಂದ ಕೂಡಲೇ ಅಡಿಕೆ ತೋಟದವರಿಗೆ ಕೊಳೆರೋಗದ ಔಷಧಿ ನೆನಪಾಗುತ್ತದೆ, ಅಲ್ವಾ? ಸಂಬಂಧ ಇದೆ. ಮೈಲುತುತ್ತ-ಸುಣ್ಣದ ಆ ದ್ರಾವಣ 1880ರ ದಶಕದಲ್ಲಿ ಬಳಕೆಗೆ ಬಂದದ್ದೇ ಬೋರ್ಡೋ ಸೀಮೆಯ ಮೆದೋಕ್ ದ್ರಾಕ್ಷಿ ತೋಟಗಳಲ್ಲಿ.)

ಬಣ್ಣ, ವಾಸನೆ

ಲೋಟ ಓರೆ ಮಾಡಿ ಬಿಳಿ ಹಾಳೆಯ ಮೇಲೆ ಹಿಡಿಯಿರಿ. ಕೆಂಪು ವೈನ್ ವಯಸ್ಸಾದಂತೆ ಬಣ್ಣ ಬಿಡುತ್ತದೆ: ನೇರಳೆ ಹೋಗಿ ಮಾಣಿಕ್ಯದ ಕೆಂಪು, ಆಮೇಲೆ ಇಟ್ಟಿಗೆ ಬಣ್ಣ. ಅಂಚು ಮೊದಲು ಬದಲಾಗುತ್ತದೆ. ಬಿಳಿ ವೈನ್ ಉಲ್ಟಾ, ಗಾಢವಾಗುತ್ತಾ ಹೋಗುತ್ತದೆ. ಬಣ್ಣದಿಂದ ವಯಸ್ಸಿನ ಅಂದಾಜು ಸಿಗುತ್ತದೆ, ಅಷ್ಟೇ. ವಾಸನೆಯಲ್ಲಿ ಹುಡುಕಬೇಕಾದ್ದು ಹೊಗೆಸೊಪ್ಪು, ಚರ್ಮ, ಅಣಬೆ, ಮಳೆ ಬಿದ್ದ ಕಾಡಿನ ನೆಲ, ಪೆನ್ಸಿಲ್ ಚೂಪು ಮಾಡಿದಾಗ ಬರುವ ಮರದ ವಾಸನೆ. ಇವುಗಳ ಜೊತೆ ಹಣ್ಣೂ ಇದ್ದರೆ ಒಳ್ಳೆಯ ಹದ. ಇವಷ್ಟೇ ಇದ್ದರೆ ಜಾಸ್ತಿ ದಿನ ಇಡಬೇಡಿ.

ಯಾವುದು ಬದಲಾಗುತ್ತದೆ, ಯಾವುದು ಇಲ್ಲ

ಇಷ್ಟು ಹಿಡಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಬಾಟಲಿಯಲ್ಲಿ ಹುಳಿ ಮತ್ತು ಆಲ್ಕೋಹಾಲ್ ಹೆಚ್ಚುಕಮ್ಮಿ ಹಾಗೇ ಇರುತ್ತವೆ. ಹಣ್ಣಿನ ರುಚಿ ಇಳಿಯುತ್ತದೆ. ಟ್ಯಾನಿನ್ ಮೆತ್ತಗಾಗುತ್ತದೆ. ಟ್ಯಾನಿನ್ ಅಂದರೆ ಅಡಿಕೆಯ ಚೊಗರಿನಂತೆ ನಾಲಿಗೆ, ಒಸಡು ಹಿಡಿದುಕೊಳ್ಳುವ ಒಗರು. ಅದರ ಅಣುಗಳು ಒಂದಕ್ಕೊಂದು, ಬಣ್ಣದ ಅಣುಗಳಿಗೂ ಅಂಟಿಕೊಂಡು ದೊಡ್ಡದಾಗಿ ಕೊನೆಗೆ ತಳದಲ್ಲಿ ಗಸಿಯಾಗಿ ಕೂರುತ್ತವೆ.

ಹಾಗಾಗಿ ಕೇಳಬೇಕಾದ್ದು ಒಂದೇ: ಒಗರು ಮೆತ್ತಗಾಗುವ ತನಕ ಹಣ್ಣು ಉಳಿಯುತ್ತದೆಯೇ? 1975ರ ಎಷ್ಟೋ ಬೋರ್ಡೋಗಳಲ್ಲಿ ಉಳಿಯಲಿಲ್ಲ. ಒಗರು ಗಟ್ಟಿಯಾಗಿಯೇ ಇತ್ತು, ಹಣ್ಣು ಮೊದಲೇ ಕೈಬಿಟ್ಟಿತು. 2009 ಮತ್ತು 2010 ಎರಡೂ ಹೆಸರಾದ ವರ್ಷಗಳು. ಆದರೆ 2009ರದ್ದು ಬೆಚ್ಚಗಿನ ವರ್ಷದ ಮಾಗಿದ, ಬೇಗ ಒಲಿಯುವ ವೈನ್. 2010ರಲ್ಲಿ ಹುಳಿ, ಒಗರು ಎರಡೂ ಬಿಗಿ, ಕಾಯಲೇಬೇಕು. ಒಂದೇ ವರ್ಷದಲ್ಲೂ ಮೆರ್ಲೋ ದ್ರಾಕ್ಷಿ ಜಾಸ್ತಿ ಇರುವ, ಬೋರ್ಡೋದ ಪೊಮೆರೋಲ್ ಭಾಗದ ವೈನ್ ಸಾಮಾನ್ಯವಾಗಿ ಮೊದಲು ಹದಕ್ಕೆ ಬರುತ್ತದೆ, ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿ ಜಾಸ್ತಿ ಇರುವ ಮೆದೋಕ್ ವೈನ್ ಆಮೇಲೆ.

ಮೂಗಿಗೆ ಏನೂ ಸಿಗದಿದ್ದರೆ

ನಿಜವಾದ ಗೋಳು ಇಲ್ಲಿದೆ. ಒಳ್ಳೆಯ ವೈನ್ ಬಾಟಲಿಗೆ ಹೋಗಿ ಕೆಲವು ವರ್ಷದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದುಂಟು. ಹೊಸದರ ಘಮ ಹೋಗಿರುತ್ತದೆ, ಹಳೆಯದರದ್ದು ಬಂದಿರುವುದಿಲ್ಲ. ಮುಗಿದುಹೋದ ವೈನ್‌ನಲ್ಲೂ ಮೂಗಿಗೆ ಸಿಗುವುದು ಇಷ್ಟೇ. ಹಾಗಾದರೆ ಮಲಗಿರುವುದು ಯಾವುದು, ಮುಗಿದದ್ದು ಯಾವುದು?

ಮೂಗನ್ನು ಬಿಡಿ, ಬಾಯಿಗೆ ಬನ್ನಿ. ಗುಟುಕನ್ನು ನಾಲಿಗೆಯ ನಡುವೆ ನಿಲ್ಲಿಸಿ. ಮಲಗಿರುವ ವೈನ್‌ಗೆ ಅಲ್ಲಿ ತೂಕ ಇರುತ್ತದೆ. ಯಾವ ಹಣ್ಣು ಅಂತ ಹೇಳಲಾಗದಿದ್ದರೂ ನಡು ತುಂಬಿರುತ್ತದೆ. ಮುಗಿದದ್ದರಲ್ಲಿ ನಡು ಖಾಲಿ: ಮೊದಲು ಒಂದಿಷ್ಟು ರುಚಿ, ಆಮೇಲೆ ನೇರ ಹುಳಿ ಮತ್ತು ಒಣ ಒಗರು. ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಡಿ. ಆ ಉಸಿರಿನಲ್ಲಿ ಬ್ಲ್ಯಾಕ್‌ಕರಂಟ್ ಸುಳಿದರೆ ಬರೀ ನಿದ್ದೆ.

ಆಮೇಲೆ ಅರ್ಧ ಲೋಟ ಬದಿಗಿಟ್ಟು ಸುಮ್ನೆ ಕಾಯಿರಿ. ಇದು ನನ್ನ ಮೆಚ್ಚಿನ ದಾರಿ. ಮಲಗಿದ್ದು ಗಾಳಿ ಸೋಕಿದ ಮೇಲೆ ಒಂದು ಗಂಟೆಯಲ್ಲಿ ಒಂಚೂರಾದರೂ ಬಿಚ್ಚಿಕೊಳ್ಳುತ್ತದೆ. ತೀರಾ ಹಳೆಯದು ಕಾಲು ಗಂಟೆ ಚೆನ್ನಾಗಿ ಮಾತಾಡಿ ಆಮೇಲೆ ಕಣ್ಣೆದುರೇ ಸಪ್ಪೆಯಾಗುತ್ತದೆ. ಅದಕ್ಕೇ ಬಹಳ ಹಳೆಯ ಬಾಟಲಿಯನ್ನು ಗಂಟೆಗಟ್ಟಲೆ ಡಿಕ್ಯಾಂಟರ್ ಎಂಬ ಗಾಜಿನ ಹೂಜಿಯಲ್ಲಿ ಇಡಬಾರದು. ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ ಗಸಿ ತಳಕ್ಕಿಳಿಸಿ. ಕುಡಿಯುವ ಹೊತ್ತಿಗೆ ಕತ್ತಿನ ಹಿಂದೆ ದೀಪ ಹಿಡಿದು ನಿಧಾನಕ್ಕೆ ಬಗ್ಗಿಸಿ, ಗಸಿ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ.

ಮೂರನೇ ಆರೋಪಿಯೂ ಇದ್ದಾನೆ: ಬಿರಡೆಯ ದೋಷ, ಅಂದರೆ ಬಿರಡೆಯಿಂದ ವೈನ್‌ಗೆ ಸೇರುವ ಟಿಸಿಎ ಎಂಬ ರಾಸಾಯನಿಕ. ಜಾಸ್ತಿ ಇದ್ದರೆ ನೆನೆದ ರಟ್ಟಿನ ವಾಸನೆ, ಗೊತ್ತಾಗುತ್ತದೆ. ಕಮ್ಮಿ ಇದ್ದರೆ ವಾಸನೆ ತೋರಿಸದೆ ಹಣ್ಣನ್ನಷ್ಟೇ ಅಳಿಸಿಹಾಕುತ್ತದೆ. ಗಾಳಿಗಿಟ್ಟರೂ ಸುಧಾರಿಸುವುದಿಲ್ಲ. ಇನ್ನೊಂದು ಬಾಟಲಿ ಇದ್ದರೆ ತೆಗೆದು ಹೋಲಿಸಿ.

ಚೂರುಪಾರು

375 ಎಂಎಲ್ ಬಾಟಲಿ ಬೇಗ ಹಣ್ಣಾಗುತ್ತದೆ, 1.5 ಲೀಟರಿನ ಮ್ಯಾಗ್ನಮ್ ನಿಧಾನ. ವೈನ್ ಮಟ್ಟ ಬಾಟಲಿಯ ಹೆಗಲಿನಿಂದ ಕೆಳಗಿದ್ದರೆ ಅನುಮಾನಪಡಿ. ಇಡಬೇಕಾದ್ದು 12-13 ಡಿಗ್ರಿಯಲ್ಲಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅಡುಗೆಮನೆ ಕಪಾಟಿನಲ್ಲಿ ಇಟ್ಟಿದ್ದರೆ ಲೇಬಲ್ ಮೇಲಿನ ವರ್ಷ ನೋಡಿ ಲೆಕ್ಕ ಹಾಕಬೇಡಿ.

ಫ್ರಾನ್ಸಿನ ಬರ್ಗಂಡಿ ಸೀಮೆಯ ಬಿಳಿ ವೈನಿನಲ್ಲಿ 1990ರ ದಶಕದ ನಡುವಿನಿಂದ ಅಕಾಲ ಮುಪ್ಪಿನ ಕಾಟ ಕಾಣಿಸಿಕೊಂಡಿತು. ಒಂದೇ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಹೊಳೆಯುತ್ತಿದ್ದರೆ ಪಕ್ಕದ್ದು ಕಂದು ಹಿಡಿದಿರುತ್ತಿತ್ತು. ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ ಬಂದರೆ ಅಲ್ಲಿ ‘ವಯಸ್ಸು ಮೀರಿದೆ’ ಎಂದು ಬರೆಯಬಹುದು. ಫ್ರಾನ್ಸಿನದೇ ಜೂರಾ ಸೀಮೆಯ ಬಿಳಿ ವೈನ್ ವ್ಯಾನ್ ಜೋನ್‌ಗೆ ಮಾತ್ರ ಹಾಗೆ ಬರೆಯಬೇಡಿ. ಅದು ಪೀಪಾಯಿಯಲ್ಲಿ ಯೀಸ್ಟಿನ ಪದರದ ಕೆಳಗೆ ಆರು ವರ್ಷಕ್ಕೂ ಹೆಚ್ಚು ಕಳೆದು, 62 ಸೆಂಟಿಲೀಟರಿನ ಗಿಡ್ಡ ಬಾಟಲಿಗೆ ಬರುತ್ತದೆ. ಅದರಲ್ಲಿ ಕಂದಿದ ಸೇಬು, ಅಕ್ರೋಟಿನ ವಾಸನೆ ಇರಲೇಬೇಕು.