ಹೆರಿಗೆಯಾದ ಮೇಲೆ ಶುಗರ್ ಹೋಯಿತಲ್ಲ, ಮತ್ತೆ ಪರೀಕ್ಷೆ ಯಾಕೆ?

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ. ಮಗಳಿಗೆ ಚೊಚ್ಚಲ ಹೆರಿಗೆ. ಏಳನೇ ತಿಂಗಳಲ್ಲಿ ಶುಗರ್ ಇದೆ ಅಂದರು, ಇನ್ಸುಲಿನ್ ಕೊಟ್ಟರು. ಹೆರಿಗೆಯಾದ ಮೇಲೆ ನಾರ್ಮಲ್ ಬಂತು, ಇಂಜೆಕ್ಷನ್ ನಿಲ್ಲಿಸಿದರು. ಈಗ ಒಂದೂವರೆ ತಿಂಗಳಿಗೆ ಬಂದು ಗ್ಲೂಕೋಸ್ ಕುಡಿದು ಮತ್ತೆ ಪರೀಕ್ಷೆ ಮಾಡಿಸಿ ಅಂತಾರೆ. ಹೋದ ಕಾಯಿಲೆಗೆ ಪರೀಕ್ಷೆ ಯಾಕೆ? ಹಸಿ ಬಾಣಂತಿಯನ್ನು ಹೊರಗೆ ಕರೆದುಕೊಂಡು ಹೋಗಲೇಬೇಕಾ? ಅಂಟಿನುಂಡೆ ಕೊಡಬಹುದಾ?

ಉತ್ತರ: ದಯವಿಟ್ಟು ಕರೆದುಕೊಂಡು ಹೋಗಿ. ಬಾಣಂತನದಲ್ಲಿ ತಪ್ಪಿಸಲೇಬಾರದ ಪರೀಕ್ಷೆ ಅದು. ಯಾಕೆ ಅನ್ನುವುದು ತಿಳಿಯಬೇಕಾದರೆ ಆ ಶುಗರ್ ಬಂದದ್ದು ಎಲ್ಲಿಂದ, ಅಷ್ಟು ಬೇಗ ಹೋದದ್ದು ಹೇಗೆ ಅಂತ ನೋಡಬೇಕು.

ಮಗುವಿನ ಹಿಂದೆ ಬೀಳುವ ಕಸ, ಅಂದರೆ ಮಾಸು, ಒಂಬತ್ತು ತಿಂಗಳೂ ಹಾರ್ಮೋನು ತಯಾರಿಸುತ್ತಿರುತ್ತದೆ. ಪ್ಲಾಸೆಂಟಲ್ ಲ್ಯಾಕ್ಟೋಜೆನ್, ಮಾಸಿನದೇ ಆದ ಒಂದು ಬೆಳವಣಿಗೆಯ ಹಾರ್ಮೋನು, ಪ್ರೊಜೆಸ್ಟರಾನ್ ಇವುಗಳಲ್ಲಿ ಮುಖ್ಯ. ತಾಯಿಯ ಮೈಯಲ್ಲಿ ಕಾರ್ಟಿಸಾಲ್ ಕೂಡ ಏರುತ್ತದೆ. ಇವೆಲ್ಲ ಸೇರಿ ತಾಯಿಯ ದೇಹದಲ್ಲಿ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕೆಲಸವನ್ನು ತಡೆಯುತ್ತವೆ. ಇದು ಕಾಯಿಲೆಯಲ್ಲ. ತಾಯಿಯ ರಕ್ತದಲ್ಲಿ ಸಕ್ಕರೆ ಸ್ವಲ್ಪ ಹೊತ್ತು ಉಳಿದರೆ ಮಗುವಿಗೆ ಅದರ ಪಾಲು ಸಿಗುತ್ತದೆ, ಅದಕ್ಕಾಗಿ ಪ್ರಕೃತಿ ಮಾಡಿಕೊಂಡ ಏರ್ಪಾಡು. ಮಾಸು ಬೆಳೆದಂತೆ ಈ ತಡೆಯೂ ಬೆಳೆಯುತ್ತದೆ. ಆರನೇ ತಿಂಗಳ ಹೊತ್ತಿಗೆ ಶುಗರ್ ಕಾಣಿಸಿಕೊಳ್ಳುವುದು, 24ರಿಂದ 28 ವಾರದೊಳಗೆ ಪರೀಕ್ಷೆ ಇಟ್ಟಿರುವುದು ಅದಕ್ಕೇ.

ತಡೆ ಹೆಚ್ಚಾದಾಗ ಮೇದೋಜೀರಕ ಗ್ರಂಥಿ ಸುಮ್ಮನಿರುವುದಿಲ್ಲ. ಲ್ಯಾಕ್ಟೋಜೆನ್, ಹಾಲು ತರಿಸುವ ಪ್ರೊಲ್ಯಾಕ್ಟಿನ್‌ಗಳೇ ಅದರಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿಗೆ ಇನ್ನಷ್ಟು ದುಡಿಯಲು ಹೇಳುತ್ತವೆ. ದಿನ ತುಂಬುವ ಹೊತ್ತಿಗೆ ಆರೋಗ್ಯವಂತ ಬಸುರಿಯ ಮೈ ಮೊದಲಿಗಿಂತ ಎರಡು, ಎರಡೂವರೆ ಪಟ್ಟು ಇನ್ಸುಲಿನ್ ಸುರಿಸುತ್ತಿರುತ್ತದೆ. ಅಷ್ಟು ಸುರಿಸಲಾಗದವರಲ್ಲಿ ಸಕ್ಕರೆ ಏರುತ್ತದೆ. ಆದ್ದರಿಂದ ‘ಸಿಹಿ ಜಾಸ್ತಿ ತಿಂದಳು, ಅದಕ್ಕೇ ಬಂತು’ ಅಂತ ಮಗಳನ್ನು ಯಾರೂ ಅನ್ನಬೇಡಿ. ಈ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ, ಪ್ರತಿ ಸಲ ಕೇಳಿದಾಗಲೂ ನನಗೆ ಸಂಕಟವಾಗುತ್ತದೆ. ಗರ್ಭಿಣಿಯ ತೂಕ, ವಯಸ್ಸು, ಮನೆತನದಲ್ಲಿ ಶುಗರ್ ಇರುವುದು ಇವೆಲ್ಲ ಸೇರುತ್ತವೆ, ಒಂದು ಹೋಳಿಗೆಯ ತಪ್ಪಲ್ಲ.

ಮಾಸು ಹೊರಬಿದ್ದ ಮೇಲೆ ಅದರ ಹಾರ್ಮೋನುಗಳು ಬೇಗನೆ ರಕ್ತದಿಂದ ಇಳಿದುಹೋಗುತ್ತವೆ. ನಿಮ್ಮ ಮಗಳ ಶುಗರ್ ಇಳಿದದ್ದು ಹಾಗೆ. ಭಾರ ಇಳಿಯಿತು, ನಿಜ. ಭಾರ ಹೊರಲಾಗದ ಗ್ರಂಥಿ ಮಾತ್ರ ಅದೇ. ಬೇಸಿಗೆಯಲ್ಲಿ ಕೈಕೊಟ್ಟ ಬೋರ್‌ವೆಲ್ ಮಳೆ ಬಂದ ಮೇಲೆ ಮತ್ತೆ ನೀರೆತ್ತುತ್ತದೆ, ಆದರೂ ಅದನ್ನೇ ನಂಬಿ ಇನ್ನೊಂದು ಎಕರೆ ಅಡಿಕೆ ಹಾಕಲು ಚನ್ನಗಿರಿ ಕಡೆಯ ರೈತ ಹಿಂದೆಮುಂದೆ ನೋಡುತ್ತಾನಲ್ಲವೇ? ಬಸಿರಿನಲ್ಲಿ ಶುಗರ್ ಬಂದಿದ್ದವರಿಗೆ ಮುಂದೆ ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಏಳು ಪಟ್ಟಿಗೂ ಹೆಚ್ಚು. ಕೆಲವರಿಗೆ ಹೆರಿಗೆಯಾದ ಕೆಲವೇ ವರ್ಷಗಳಲ್ಲಿ ಬರುತ್ತದೆ, ಯಾವ ಲಕ್ಷಣವೂ ಇಲ್ಲದೆ.

ನಮ್ಮ ಕಡೆ ಈ ಪರೀಕ್ಷೆ ತಪ್ಪಿಹೋಗಲು ಇನ್ನೊಂದು ಕಾರಣವಿದೆ. ಆರನೇ ವಾರದಲ್ಲಿ ಹುಡುಗಿ ತವರಿನ ಕೋಣೆಯಲ್ಲಿ ಬೆಚ್ಚಗೆ ಕುಳಿತಿರುತ್ತಾಳೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ತಿಂಗಳುಗಳಾದ ಮೇಲೆ ಗಂಡನ ಮನೆಗೆ ಹೊರಡುವಾಗ ತಾಯಿ ಕಾರ್ಡ್ ಸೀರೆಗಳ ಅಡಿಗೆ ಹೋಗುತ್ತದೆ. ಆ ಊರಿನ ಆಶಾ ಕಾರ್ಯಕರ್ತೆಗೆ ಈಕೆಗೆ ಶುಗರ್ ಇತ್ತೆಂದೇ ಗೊತ್ತಿರುವುದಿಲ್ಲ. ಮಗುವಿನ ಲಸಿಕೆಯನ್ನು ಮಾತ್ರ ಯಾರೂ ಮರೆಯುವುದಿಲ್ಲ. ಒಂದೂವರೆ ತಿಂಗಳ ಆ ಲಸಿಕೆಯ ದಿನವೇ ತಾಯಿಯ ಪರೀಕ್ಷೆಯನ್ನೂ ಮಾಡಿಸಿಬಿಡಿ. ಎರಡು ಸಲ ಹೊರಗೆ ಹೋಗುವುದು ತಪ್ಪುತ್ತದೆ.

ರಾತ್ರಿ ಊಟವಾದ ಮೇಲೆ ಏನೂ ತಿನ್ನದೆ ಬೆಳಗ್ಗೆ ಹೋಗಬೇಕು, ನೀರು ಕುಡಿಯಬಹುದು. ಮೊದಲು ಒಮ್ಮೆ ರಕ್ತ ತೆಗೆಯುತ್ತಾರೆ. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸಿ, ಎರಡು ಗಂಟೆ ಕಳೆದ ಮೇಲೆ ಮತ್ತೆ ತೆಗೆಯುತ್ತಾರೆ. ನಡುವೆ ಕೂತಲ್ಲೇ ಹಾಲುಣಿಸಬಹುದು. ಖಾಲಿ ಹೊಟ್ಟೆಯದು 126 ಅಥವಾ ಎರಡು ಗಂಟೆಯದು 200 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಎರಡು ಗಂಟೆಯದು 140ರಿಂದ 199ರ ನಡುವೆ ಬಂದರೆ ಅಂಚಿನಲ್ಲಿದ್ದಾಳೆ ಎಂದರ್ಥ, ತಡೆಯಲು ಕಾಲ ಇನ್ನೂ ಇದೆ. ‘ಮೂರು ತಿಂಗಳ ಶುಗರ್’ ಅಂತ ಕರೆಯುವ ಪರೀಕ್ಷೆ ಈ ಹೊತ್ತಿನಲ್ಲಿ ಸಾಲದು. ಹೆರಿಗೆಯಲ್ಲಿ ರಕ್ತ ಹೋಗಿರುವುದರಿಂದ ಅದರ ಅಂಕಿ ದಾರಿ ತಪ್ಪಿಸಬಹುದು.

ಇನ್ನು ಅಂಟಿನುಂಡೆ. ಅಂಟು, ಕೊಬ್ಬರಿ, ಗಸಗಸೆ, ತುಪ್ಪ ಎಲ್ಲ ಸರಿ, ಬೆಲ್ಲದ್ದೇ ಚಿಂತೆ. ಶುಗರ್ ಏರಿಸುವುದರಲ್ಲಿ ಬೆಲ್ಲ ಸಕ್ಕರೆಗೆ ಕಡಿಮೆಯೇನಲ್ಲ. ಬೆಲ್ಲ ಅರ್ಧಕ್ಕಿಳಿಸಿ ನಿಂಬೆಗಾತ್ರದ ಉಂಡೆ ಕಟ್ಟಿ, ದಿನಕ್ಕೊಂದು ಸಾಕು. ಊಟ ಮಾತ್ರ ಕಡಿಮೆ ಮಾಡಬೇಡಿ. ಬರೀ ಅನ್ನ, ಮೆಣಸಿನ ಸಾರು, ತುಪ್ಪದ ಬಾಣಂತಿ ಊಟಕ್ಕೆ ಸೊಪ್ಪು, ಬೇಳೆ, ತಿನ್ನುವವರಾದರೆ ಮೊಟ್ಟೆ ಸೇರಲಿ. ಮಂಡಕ್ಕಿ ಹಗುರ ಅಂತ ಸಂಜೆಗೆ ತಟ್ಟೆ ತುಂಬ ಕೊಡುವವರಿದ್ದಾರೆ, ಅದು ಹಿಟ್ಟಿನಂತೆ ಕರಗಿ ಶುಗರ್ ಬೇಗ ಏರಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಔಷಧ ಮನೆಯಲ್ಲೇ ಇದೆ: ಎದೆಹಾಲು. ಹಾಲುಣಿಸುವಾಗ ಏರುವ ಪ್ರೊಲ್ಯಾಕ್ಟಿನ್ ಬೀಟಾ ಕೋಶಗಳಿಗೆ ಒಳ್ಳೆಯದು, ಹಾಲು ತಯಾರಿಸಲು ತಾಯಿಯ ರಕ್ತದ ಸಕ್ಕರೆಯೂ ಖರ್ಚಾಗುತ್ತದೆ. ಹೆಚ್ಚು ತಿಂಗಳು ಹಾಲುಣಿಸಿದ ತಾಯಂದಿರಲ್ಲಿ ಮುಂದೆ ಶುಗರ್ ಬರುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಡಾಕ್ಟರು ಒಪ್ಪಿದ ಮೇಲೆ ದಿನಾ ಸ್ವಲ್ಪ ನಡೆಯಲಿ, ಅಂಗಳದಲ್ಲಾದರೂ ಸರಿ.

ವರದಿ ನಾರ್ಮಲ್ ಬಂದರೂ ವರ್ಷಕ್ಕೊಮ್ಮೆ ಪರೀಕ್ಷೆ ಬಿಡಬೇಡಿ. ಮುಂದಿನ ಮಗುವಿನ ಯೋಚನೆ ಬಂದಾಗ, ಬಸುರಿಯಾಗುವ ಮೊದಲೇ ಒಮ್ಮೆ ನೋಡಿಸಲಿ, ಸುಮಾರು ಅರ್ಧದಷ್ಟು ಹೆಂಗಸರಿಗೆ ಎರಡನೇ ಬಸಿರಿನಲ್ಲೂ ಶುಗರ್ ಬರುತ್ತದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಈ ವರದಿಯ ಒಂದು ಜೆರಾಕ್ಸ್ ಅಳಿಯಂದಿರ ಕೈಗೆ ಕೊಡಿ, ಇನ್ನೊಂದನ್ನು ಅಲ್ಲಿನ ಆಶಾ ಕಾರ್ಯಕರ್ತೆಗೆ ಮುಟ್ಟಿಸಲು ಹೇಳಿ.